ಗವರ್ನರ್ ಬರೆಯದ ಪತ್ರವನ್ನು ಹುಡುಕಿದ ಹತ್ತು ತಿಂಗಳು

2024ರ ಜೂನ್‌ನಲ್ಲಿ ಕೈಹಾಕಿದ ಒಂದು ಕೆಲಸ 2025ರ ಏಪ್ರಿಲ್‌ನಲ್ಲಿ ಮುಗಿಯಿತು. ಪೊಲೀಸರ ಗುಂಡಿಗೆ ಒಬ್ಬ ಮನುಷ್ಯ ಸತ್ತ ಪ್ರಕರಣದಲ್ಲಿ ನಮ್ಮ ಮಿನಸೋಟ ರಾಜ್ಯದ ಗವರ್ನರ್ ಏನು ಮಾಡಬಹುದಿತ್ತು, ಏನು ಮಾಡಿದರು, ಏನು ಮಾಡದೆ ಬಿಟ್ಟರು ಎಂಬುದನ್ನು ಸರ್ಕಾರಿ ಕಾಗದಗಳಲ್ಲೇ ಓದಬೇಕೆಂದು ಹೊರಟಿದ್ದೆ. ನಾನು ವಕೀಲಳಲ್ಲ, ಪತ್ರಕರ್ತೆಯೂ ಅಲ್ಲ. ಆಸ್ಪತ್ರೆಯ ಲ್ಯಾಬ್‌ನಲ್ಲಿ ರಾತ್ರಿ ಪಾಳಿ ಮಾಡುವವಳು, ಊರು ತಿಪಟೂರು. ಇಲ್ಲಿನ ಕನ್ನಡದ ಗೆಳತಿಯರು ಸಿಕ್ಕಾಗಲೆಲ್ಲ ‘ಹೇಗೆ ಮಾಡ್ದೆ, ಎಷ್ಟು ಖರ್ಚಾಯ್ತು, ವೀಸಾಕ್ಕೆ ತೊಂದರೆ ಆಗಲ್ವಾ’ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ನಾನು ಅರ್ಜಿ ಹಾಕಿದ ಕಚೇರಿಗಳ ಹೆಸರು ಹೇಳುವುದಿಲ್ಲ. ಅಲ್ಲಿ ನನಗೆ ಉತ್ತರ ಬರೆದವರು ನನ್ನ ಹಾಗೇ ಸಂಬಳಕ್ಕೆ ದುಡಿಯುವವರು.

2023ರ ಜುಲೈ 31, ಸೋಮವಾರದ ನಸುಕು. ಮಿನಿಯಾಪೊಲಿಸ್‌ನ ಉತ್ತರ ಭಾಗದಲ್ಲಿ ಐ-94 ಹೆದ್ದಾರಿಯಲ್ಲಿ ಸ್ಟೇಟ್ ಪಟ್ರೋಲ್, ಅಂದರೆ ರಾಜ್ಯದ ಹೆದ್ದಾರಿ ಪಡೆಯ ಪೊಲೀಸರು ಒಂದು ಕಾರು ನಿಲ್ಲಿಸಿದರು. ಕಾರಿನ ಹಿಂದಿನ ದೀಪ ಉರಿಯುತ್ತಿರಲಿಲ್ಲ ಎಂಬುದು ನಿಲ್ಲಿಸಿದ್ದಕ್ಕೆ ಕಾರಣ. ಒಳಗಿದ್ದವರು 33 ವರ್ಷದ ರಿಕಿ ಕಾಬ್, ಕಪ್ಪು ಜನಾಂಗದವರು. ಪಕ್ಕದ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಪೊಲೀಸರು ಅವರನ್ನು ವಿಚಾರಣೆಗೆ ಹುಡುಕುತ್ತಿದ್ದಾರೆಂದು ಗೊತ್ತಾಗಿ ಕೆಳಗಿಳಿಯಲು ಹೇಳಿದರು. ಅವರು ಇಳಿಯಲಿಲ್ಲ. ಇಬ್ಬರು ಪೊಲೀಸರು ಎರಡೂ ಕಡೆಯಿಂದ ಬಾಗಿಲು ತೆಗೆದು ಒಳಗೆ ಬಾಗಿದಾಗ ಕಾರು ಮುಂದಕ್ಕೆ ಚಲಿಸಿತು. ರಯಾನ್ ಲಂಡ್ರಿಗನ್ ಎಂಬ ಪೊಲೀಸ್ ಗುಂಡು ಹಾರಿಸಿದರು. ಕಾಬ್ ಉಳಿಯಲಿಲ್ಲ.

ಕೆಲಸ ಮುಗಿಸಿ ನಾನು ಮನೆಗೆ ಬರುವುದು ಅದೇ ರಸ್ತೆಯಲ್ಲಿ. ಆ ವರ್ಷ ನನ್ನ ಮಗನಿಗೆ ಹದಿನೈದು ತುಂಬಿ ಕಾರು ಕಲಿಯುವ ಪರ್ಮಿಟ್ ಸಿಕ್ಕಿತ್ತು. ವಿಡಿಯೊ ಹೊರಬಂದ ಸಂಜೆ ಅವನು ಊಟದ ತಟ್ಟೆ ಮುಂದಿಟ್ಟುಕೊಂಡು ಕೇಳಿದ: “ಅಮ್ಮ, ಪೊಲೀಸ್ ನಿಲ್ಲಿಸಿದ್ರೆ ಕೈ ಎಲ್ಲಿಟ್ಕೋಬೇಕು?” ಸ್ಟೀರಿಂಗ್ ಮೇಲೆ, ಎರಡೂ ಕೈ ಕಾಣೋ ಹಾಗೆ, ಎಂದೆ. ಮರುದಿನದಿಂದ ಅವನು ಗಾಡಿ ತೆಗೆಯುವ ಮುಂಚೆ ನಾನು ಗ್ಯಾರೇಜಿನಲ್ಲಿ ಕಾರಿನ ಹಿಂದೆ ನಿಂತು ಎರಡೂ ದೀಪ ಉರಿಯುತ್ತಿವೆಯೇ ಎಂದು ನೋಡತೊಡಗಿದೆ. ಆರು ತಿಂಗಳಾದ ಮೇಲೆ ಅವನೇ ಇನ್ನೊಂದು ಪ್ರಶ್ನೆ ಕೇಳಿದ: “ತಪ್ಪು ಯಾರದು ಅಂತ ಕೊನೇಗೆ ಯಾರು ಹೇಳ್ತಾರೆ?” ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಇಲ್ಲಿನ ವ್ಯವಸ್ಥೆ ಗೊತ್ತಿಲ್ಲದವರಿಗೆ ಮೊದಲು ಇದಿಷ್ಟು ತಿಳಿದಿರಲಿ, ಇಲ್ಲದಿದ್ದರೆ ಮುಂದಿನದು ಗೋಜಲಾಗುತ್ತದೆ. ಗುಂಡು ಹಾರಿಸಿದ್ದು ಸ್ಟೇಟ್ ಪಟ್ರೋಲ್. ತನಿಖೆ ಮಾಡಿದ್ದು ಬಿಸಿಎ, ಅಂದರೆ ರಾಜ್ಯದ ಅಪರಾಧ ತನಿಖಾ ಸಂಸ್ಥೆ. ಇವೆರಡೂ ಸಾರ್ವಜನಿಕ ಸುರಕ್ಷತಾ ಇಲಾಖೆ ಎಂಬ ಒಂದೇ ಸೂರಿನ ಕೆಳಗಿವೆ, ಆ ಇಲಾಖೆಯ ಕಮಿಷನರನ್ನು ನೇಮಿಸುವುದು ಗವರ್ನರ್. ಪೊಲೀಸರ ಬಲಪ್ರಯೋಗದ ತನಿಖೆಗೆಂದೇ 2020ರಲ್ಲಿ ಶಾಸನಸಭೆ ಬಿಸಿಎ ಒಳಗೆ ಪ್ರತ್ಯೇಕ ಘಟಕ ಮಾಡಿತು. ಆದರೂ ಸೂರು ಅದೇ. ಆರೋಪ ಹೊರಿಸಬೇಕೋ ಬೇಡವೋ ಎಂದು ನಿರ್ಧರಿಸುವವರು ಮಾತ್ರ ಬೇರೆ. ಅವರು ಕೌಂಟಿ ಅಟಾರ್ನಿ, ಅಂದರೆ ಕೌಂಟಿಯ ಸರ್ಕಾರಿ ವಕೀಲರು, ಜನರೇ ಓಟು ಹಾಕಿ ಆರಿಸಿದವರು. ಮಿನಿಯಾಪೊಲಿಸ್ ಇರುವ ಹೆನೆಪಿನ್ ಕೌಂಟಿಯಲ್ಲಿ ಆಗ ಅದು ಮೇರಿ ಮೋರಿಯಾರ್ಟಿ.

2024ರ ಜನವರಿ 24ರಂದು ಅವರು ಲಂಡ್ರಿಗನ್ ಮೇಲೆ ಎರಡನೇ ದರ್ಜೆಯ ಕೊಲೆ ಸೇರಿ ಮೂರು ಆರೋಪ ಹೊರಿಸಿದರು. ಅಲ್ಲಿಂದ ಗದ್ದಲ. ಪೊಲೀಸ್ ಸಂಘಟನೆಗಳು, ರಿಪಬ್ಲಿಕನ್ ಸಂಸದರು ‘ಗವರ್ನರ್ ಈ ಕೇಸನ್ನು ಅವರ ಕೈಯಿಂದ ತೆಗೆದು ಅಟಾರ್ನಿ ಜನರಲ್‌ಗೆ, ಅಂದರೆ ರಾಜ್ಯದ ಮುಖ್ಯ ಸರ್ಕಾರಿ ವಕೀಲರಿಗೆ, ಕೊಡಬೇಕು’ ಎಂದು ಒತ್ತಾಯ ಹೇರಿದರು. ಇನ್ನೊಂದು ಕಡೆ, ಕಾಬ್ ಅವರ ಮನೆಯವರಿಗೆ ನ್ಯಾಯ ಸಿಗುವ ದಾರಿ ತೆರೆದದ್ದೇ ಆ ಆರೋಪಪಟ್ಟಿ, ಅದನ್ನು ಮುಟ್ಟಬೇಡಿ ಎಂಬ ಕೂಗು. ಗವರ್ನರ್ ಟಿಮ್ ವಾಲ್ಜ್ ಪ್ರಕರಣ ನಡೆಯುತ್ತಿರುವ ರೀತಿಯ ಬಗ್ಗೆ ಬಹಿರಂಗವಾಗಿಯೇ ಕಳವಳ ಹೇಳಿಕೊಂಡರು. ಆದರೆ ಕೇಸು ಇದ್ದಲ್ಲೇ ಇತ್ತು.

ನಿಜಕ್ಕೂ ಅವರಿಗೆ ಆ ಅಧಿಕಾರವಿತ್ತೇ? ಇತ್ತು. ಮಿನಸೋಟ ಕಾನೂನಿನ 8.01ನೇ ಸೆಕ್ಷನ್‌ನಲ್ಲಿ ಎರಡು ಬಾಗಿಲುಗಳಿವೆ. ಒಂದು, ಕೌಂಟಿ ಅಟಾರ್ನಿ ತಾವೇ ಕೇಳಿಕೊಂಡರೆ ಅಟಾರ್ನಿ ಜನರಲ್ ಬರಬಹುದು, ಬಿಡಬಹುದು. ಇನ್ನೊಂದು, ಗವರ್ನರ್ ಲಿಖಿತವಾಗಿ ಕೋರಿದರೆ ಅಟಾರ್ನಿ ಜನರಲ್ ಆ ಪ್ರಕರಣ ನಡೆಸಲೇಬೇಕು. ಒಂದು ಸಾಲಿನ ಪತ್ರ ಸಾಕು. 2023ರ ಏಪ್ರಿಲ್‌ನಲ್ಲಿ ವಾಲ್ಜ್ ಇದೇ ಅಧಿಕಾರ ಬಳಸಿ, ಇದೇ ಕೌಂಟಿಯ ಒಂದು ಕೊಲೆ ಪ್ರಕರಣವನ್ನು ಅಟಾರ್ನಿ ಜನರಲ್ ಕೀತ್ ಎಲಿಸನ್‌ಗೆ ಒಪ್ಪಿಸಿದ್ದರು. ಅದಕ್ಕೂ ಮೊದಲು, ಮಿನಿಯಾಪೊಲಿಸ್ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ಆರನೇ ದಿನ, 2020ರ ಮೇ 31ರಂದು, ಆ ಪ್ರಕರಣ ಎಲಿಸನ್ ಕೈಗೆ ಹೋಗುತ್ತದೆಂದು ಘೋಷಿಸಿದ್ದೂ ಅವರೇ. ಆಗಂತೂ ಕೌಂಟಿ ಅಟಾರ್ನಿಯೇ ಬನ್ನಿ ಎಂದು ಕೇಳಿದ್ದರು. ಹಾಗಾಗಿ ಬಾಗಿಲು ಎಲ್ಲಿದೆ ಎಂದು ಗವರ್ನರ್‌ಗೆ ಗೊತ್ತಿತ್ತು.

ಫೆಬ್ರವರಿಯಲ್ಲಿ ನಾನೂ ಅವರಿಗೆ ಒಂದು ಪತ್ರ ಬರೆದೆ. ಅದರ ವಿಷಯ ಕೊನೆಯಲ್ಲಿ ಹೇಳುತ್ತೇನೆ.

ಜೂನ್ 2, ಭಾನುವಾರ, ಮೋರಿಯಾರ್ಟಿ ಆರೋಪಗಳನ್ನು ಹಿಂತೆಗೆದುಕೊಂಡರು. ಕಾಬ್ ಅವರ ಕೈ ಜೊತೆಯ ಪೊಲೀಸನ ಬಂದೂಕಿನ ಕಡೆ ಹೋದದ್ದನ್ನು ಕಂಡೆ ಎಂದು ಲಂಡ್ರಿಗನ್ ಸಾಕ್ಷಿ ಹೇಳಲಿದ್ದಾರೆ, ಪೊಲೀಸ್ ತರಬೇತಿಯ ಬಗ್ಗೆ ಹೊಸ ಹೇಳಿಕೆ ಬಂದಿದೆ, ಇವುಗಳ ಎದುರು ಸಂಶಯಾತೀತವಾಗಿ ಸಾಬೀತು ಮಾಡಲಾಗದು ಎಂಬುದು ಅವರು ಕೊಟ್ಟ ಕಾರಣ. ಕೇಸು ಬಿದ್ದ ಮೇಲೆ, ಬೇಕಾದರೆ ಕೈ ಹಾಕಲು ತಯಾರಿದ್ದೆ ಎಂಬ ಅರ್ಥದ ಮಾತನ್ನು ಗವರ್ನರ್ ಆಡಿದರು. ಅದನ್ನು ಓದಿ ನನಗೆ ಆ ದಿನ ನಿದ್ದೆ ಹತ್ತಲಿಲ್ಲ. ನಾಲ್ಕು ತಿಂಗಳು ಒಂದು ಮನೆಯವರು ನ್ಯಾಯ ಬರುತ್ತದೆಂದು ಕಾದರು, ಇನ್ನೊಂದು ಮನೆಯವರು ಜೈಲು ಬರುತ್ತದೆಂದು ಹೆದರಿ ಕೂತರು. ಅಷ್ಟೂ ದಿನ ಮನಸ್ಸಿನಲ್ಲೇ ತಯಾರಿದ್ದದ್ದು ಕಾಗದದ ಮೇಲೆ ಎಲ್ಲಾದರೂ ಇದೆಯೇ? ಇದ್ದರೆ ಅದನ್ನು ಓದಬೇಕು ಎನ್ನಿಸಿತು.

ಮನೆಯಲ್ಲಿ ಮೊದಲ ಅಡ್ಡಿ. “ಗ್ರೀನ್ ಕಾರ್ಡ್ ಕ್ಯೂನಲ್ಲಿದೀವಿ. ಸರ್ಕಾರದ ಮೇಲೆ ಅರ್ಜಿ ಹಾಕೋದು ಬೇಕಾ?” ಎಂದರು ನನ್ನ ಯಜಮಾನರು. ಅವರ ಭಯ ಸುಳ್ಳಲ್ಲ, ನನಗೂ ಎದೆ ಅಳುಕಿತ್ತು. ಎರಡು ರಾತ್ರಿ ಊಟದ ಬಿಡುವಿನಲ್ಲಿ ಕಾಯ್ದೆ ಓದಿದೆ. ಮಿನಸೋಟದಲ್ಲಿ ಸರ್ಕಾರಿ ದಾಖಲೆ ಕೇಳುವ ಕಾಯ್ದೆ ಇರುವುದು ಕಾನೂನಿನ 13ನೇ ಅಧ್ಯಾಯದಲ್ಲಿ. ನಮ್ಮ ಆರ್‌ಟಿಐಗೆ ಅಕ್ಕನೋ ತಂಗಿಯೋ ಅನ್ನಬಹುದು. ಅದರಲ್ಲಿ ಸ್ಪಷ್ಟವಾಗಿ ಬರೆದಿದೆ: ಸಾರ್ವಜನಿಕ ದಾಖಲೆ ಕೇಳುವವರು ತಾವು ಯಾರೆಂದು ಹೇಳಬೇಕಿಲ್ಲ, ಯಾಕೆ ಬೇಕು ಎಂದೂ ಹೇಳಬೇಕಿಲ್ಲ. ಪೌರತ್ವದ ಪ್ರಶ್ನೆಯೇ ಬರುವುದಿಲ್ಲ. ಕಾಗದ ಕಳಿಸಲು ಒಂದು ಇಮೇಲ್ ವಿಳಾಸ ಬೇಕಷ್ಟೆ. ಇದನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಸುಮ್ಮನಾಗಲಿಲ್ಲ, ಆದರೆ ಬೇಡ ಎನ್ನಲೂ ಇಲ್ಲ. ನಾನು ಹೆಸರು ಹಾಕಿಯೇ ಬರೆದೆ. ಹೆಸರಿಲ್ಲದೆ ಬರೆದರೂ ಉತ್ತರ ಕೊಡಲೇಬೇಕು ಎಂಬುದು ನಿಮಗೆ ನೆನಪಿರಲಿ.

ಮೊದಲ ಅರ್ಜಿ ಪೂರಾ ತಪ್ಪಾಗಿತ್ತು. ಎರಡು ಪುಟ ಬರೆದಿದ್ದೆ. ಗವರ್ನರ್ ಈ ಪ್ರಕರಣವನ್ನು ಯಾಕೆ ವರ್ಗಾಯಿಸಲಿಲ್ಲ? ತಯಾರಿದ್ದೆ ಎಂದರೆ ಯಾವತ್ತಿನಿಂದ? ಯಾರ ಸಲಹೆ ಕೇಳಿದರು? ಮೂರು ವಾರ ಕಾದ ಮೇಲೆ ನಾಲ್ಕು ಸಾಲಿನ ಉತ್ತರ ಬಂತು: ಈ ಕಾಯ್ದೆಯಡಿ ಇರುವ ದಾಖಲೆ ಕೊಡಬಹುದು, ಪ್ರಶ್ನೆಗಳಿಗೆ ಉತ್ತರ ಕೊಡಲು ಬರುವುದಿಲ್ಲ, ಇಲ್ಲದ ದಾಖಲೆ ಸೃಷ್ಟಿಸಲೂ ಬರುವುದಿಲ್ಲ. ಪಾಳಿ ಮುಗಿಸಿ ಪಾರ್ಕಿಂಗ್‌ನಲ್ಲಿ ಕಾರೊಳಗೆ ಕೂತು ಅದನ್ನು ಓದಿದೆ. ಕಣ್ಣು ತುಂಬಿ ಬಂತು. ಬಾಗಿಲು ಬಡಿದೆ, ಒಳಗಿನವರು ಯಾರೂ ಇಲ್ಲ ಎಂದ ಹಾಗಾಯಿತು.

ಅವತ್ತೇ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅರ್ಜಿ, ಟಿಪ್ಪಣಿ, ಹಿಂಬರಹ ಇವುಗಳ ನಡುವೆಯೇ ಮೂವತ್ತು ವರ್ಷ ಕಳೆದವರು. ಪೂರ್ತಿ ಕೇಳಿ, “ತಪ್ಪು ನಿಂದೇ ಕಣಮ್ಮ,” ಎಂದರು. “ಯಾಕೆ ಅಂತ ಕೇಳಿದ್ರೆ ಯಾವ ಆಫೀಸಲ್ಲೂ ಉತ್ತರ ಕೊಡಲ್ಲ. ಕಾಗದ ಕೇಳು. ಯಾವ ತಾರೀಕಿಂದ ಯಾವ ತಾರೀಕಿನವರೆಗೆ, ಯಾರು ಯಾರಿಗೆ ಬರೆದದ್ದು, ಯಾವ ವಿಷಯದ್ದು. ಅಷ್ಟೇ ಹಾಕು. ಒಂದು ಅರ್ಜಿಗೆ ಒಂದೇ ವಿಷಯ.” ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದ್ಸರಿ, ರಾಜ್ಯಪಾಲರಿಗೂ ಈ ಕೇಸಿಗೂ ಏನ್ ಸಂಬಂಧ?” ಎಂದರು.

ಇದನ್ನು ಊರಲ್ಲಿ ಎಲ್ಲರೂ ಕೇಳುತ್ತಾರೆ. ಇಲ್ಲಿನ ಗವರ್ನರ್ ನಮ್ಮ ರಾಜಭವನದವರ ಹಾಗಲ್ಲ, ನಮ್ಮ ಮುಖ್ಯಮಂತ್ರಿಯ ಹಾಗೆ. ಜನ ನೇರವಾಗಿ ಆರಿಸುತ್ತಾರೆ, ರಾಜ್ಯದ ಪೊಲೀಸು, ನ್ಯಾಷನಲ್ ಗಾರ್ಡ್ ಎಲ್ಲ ಅವರ ಮಾತಿನ ಕೆಳಗೆ. ನಮ್ಮಲ್ಲಿ ರಾಜ್ಯಪಾಲರು ಸಾಮಾನ್ಯವಾಗಿ ಮಂತ್ರಿಮಂಡಲದ ಸಲಹೆಯಂತೆ ನಡೆಯುತ್ತಾರೆ. ಆ ಆಗಸ್ಟ್‌ನಲ್ಲಿ ಥಾವರ್‌ಚಂದ್ ಗೆಹ್ಲೋಟ್ ಅವರು ಮುಡಾ ವಿಷಯದಲ್ಲಿ ಸಿದ್ದರಾಮಯ್ಯನವರ ವಿರುದ್ಧ ಅನುಮತಿ ಕೊಟ್ಟಾಗ ಅಪ್ಪನೇ ಫೋನ್ ಮಾಡಿ, “ನೋಡಮ್ಮ, ಇಲ್ಲೂ ಒಂದು ಪತ್ರದ ಮೇಲೇ ಎಲ್ಲಾ ನಿಂತಿದೆ,” ಎಂದರು. ಆದರೆ ಆ ಪತ್ರವನ್ನು ನಾಡಿಗೆ ನಾಡೇ ಓದಿತು, ಕೋರ್ಟಿನಲ್ಲಿ ಪ್ರಶ್ನಿಸಲು ಅದು ಕೈಗೆ ಸಿಕ್ಕಿತು. ನಾನು ಹುಡುಕುತ್ತಿದ್ದ ಪತ್ರ ಇದೆಯೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ.

ಅಪ್ಪ ಹೇಳಿದ ಹಾಗೆ ಜುಲೈನಲ್ಲಿ ನಾಲ್ಕು ಅರ್ಜಿ ಮಾಡಿದೆ. ಒಂದು, 2024ರ ಜನವರಿ 24ರಿಂದ ಜೂನ್ 3ರವರೆಗೆ ಈ ಪ್ರಕರಣದ ಬಗ್ಗೆ 8.01ನೇ ಸೆಕ್ಷನ್ ಅಡಿ ಹೋದ ಲಿಖಿತ ಕೋರಿಕೆ. ಎರಡು, ಅದೇ ಅವಧಿಯಲ್ಲಿ ಪ್ರಕರಣದ ಕುರಿತು ಹೊರಟ ಪತ್ರಿಕಾ ಹೇಳಿಕೆ ಮತ್ತು ಪತ್ರವ್ಯವಹಾರ. ಮೂರು, ಕೌಂಟಿಯ ಕಡೆಯ ಪತ್ರವ್ಯವಹಾರ. ನಾಲ್ಕು, ಮುಗಿದ ತನಿಖೆಯ ಕಡತ. ಯಾವ ಕಾಗದ ಯಾವ ಕಚೇರಿಯಲ್ಲಿರುತ್ತದೆ ಎಂದು ತಿಳಿಯುವುದಕ್ಕೇ ಒಂದು ವಾರ ಹಿಡಿಯಿತು. ಪ್ರತಿ ಕಚೇರಿಯಲ್ಲೂ ಇಂಥ ಅರ್ಜಿಗೆಂದೇ ಒಬ್ಬ ಹೊಣೆಗಾರರಿರುತ್ತಾರೆ, ಅವರ ವಿಳಾಸ ಸಾಮಾನ್ಯವಾಗಿ ಕಚೇರಿಯ ವೆಬ್‌ಸೈಟಿನಲ್ಲೇ ಇರುತ್ತದೆ. ಅದನ್ನು ಹುಡುಕಿ ಅವರಿಗೇ ಕಳಿಸಿ, ಸಾಮಾನ್ಯ ವಿಳಾಸಕ್ಕೆ ಹಾಕಬೇಡಿ. ಶಾಸಕರ ಪತ್ರಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಕೋರ್ಟಿಗೂ ಇಲ್ಲ. ಕೋರ್ಟಿನ ದಾಖಲೆಗಳಿಗೆ ಬೇರೆ ನಿಯಮ. ಅವುಗಳಲ್ಲಿ ಬಹಳಷ್ಟನ್ನು ನ್ಯಾಯಾಲಯದ ಆನ್‌ಲೈನ್ ತಾಣದಲ್ಲೇ ನೋಡಬಹುದು, ನಾನು ಆರೋಪಪಟ್ಟಿ ಓದಿದ್ದು ಅಲ್ಲೇ.

ಆಮೇಲೆ ಕಾಯುವುದು. ಆರ್‌ಟಿಐನಲ್ಲಿ ಮೂವತ್ತು ದಿನ ಎಂಬ ಗಡುವಾದರೂ ಇದೆ. ಇಲ್ಲಿ ನಮ್ಮದೇ ಮಾಹಿತಿ ಕೇಳಿದರೆ ಹತ್ತು ಕೆಲಸದ ದಿನ ಎಂದು ಲೆಕ್ಕವಿದೆ, ಉಳಿದದ್ದಕ್ಕೆ ‘ತ್ವರಿತವಾಗಿ, ಸಮಂಜಸ ಸಮಯದಲ್ಲಿ’ ಎಂದಷ್ಟೇ ಬರೆದಿದೆ. ಆಗಸ್ಟ್ 6ರಂದು ಕಮಲಾ ಹ್ಯಾರಿಸ್ ಉಪಾಧ್ಯಕ್ಷ ಹುದ್ದೆಗೆ ವಾಲ್ಜ್ ಹೆಸರು ಹೇಳಿದರು. ನಮ್ಮ ಗವರ್ನರ್ ಒಂದೇ ದಿನದಲ್ಲಿ ದೇಶದ ಸುದ್ದಿ. ಎಲ್ಲ ಪತ್ರಿಕೆಗಳಿಗೂ ಅವರ ಹಳೆಯ ಕಾಗದಗಳೇ ಬೇಕು. ನನಗೆ ಒಂದು ಕಚೇರಿಯಿಂದ ‘ಅರ್ಜಿಗಳ ಸಾಲು ಉದ್ದವಿದೆ’ ಎಂದು ಬಂತು. ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ ವಾಕ್ಯ, ಅಕ್ಷರವೂ ಬದಲಾಗದೆ. ಪ್ರತಿ ತಿಂಗಳ ಮೊದಲ ಸೋಮವಾರ ನಾನು ವಿನಯದಿಂದ ಎರಡು ಸಾಲು ಬರೆದು ನೆನಪಿಸುತ್ತಿದ್ದೆ. ಅಪ್ಪ ಹೇಳಿಕೊಟ್ಟದ್ದು: ಸಿಟ್ಟಿನ ಜ್ಞಾಪನ ಕಡತದ ಅಡಿಗೆ ಹೋಗುತ್ತೆ, ತಾರೀಕು ಹಾಕಿದ ಜ್ಞಾಪನ ಮೇಲೆ ಬರುತ್ತೆ.

ಆ ಕಾಯುವ ದಿನಗಳಲ್ಲಿ ಹಳೆಯದೊಂದು ನೆನಪು ಬಿಡದೆ ಕಾಡಿತು. ನಾವು 2014ರಲ್ಲಿ ಇಲ್ಲಿಗೆ ಬಂದಾಗ ಬಾಡಿಗೆಗೆ ಇದ್ದದ್ದು ಲಾರ್ಪೆಂಟರ್ ಅವೆನ್ಯೂ ಹತ್ತಿರ. 2016ರ ಜುಲೈ 6ರಂದು ಫಾಲ್ಕನ್ ಹೈಟ್ಸ್‌ನಲ್ಲಿ, ಅದೇ ರಸ್ತೆಯಲ್ಲಿ, ಫಿಲಾಂಡೊ ಕ್ಯಾಸ್ಟಿಲ್ ಅವರ ಕಾರು ನಿಲ್ಲಿಸಿದ ಪೊಲೀಸ್ ಏಳು ಗುಂಡು ಹಾರಿಸಿದ್ದ. ಕ್ಯಾಸ್ಟಿಲ್ ಸೇಂಟ್ ಪಾಲ್‌ನ ಒಂದು ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಅಡುಗೆಮನೆ ನೋಡಿಕೊಳ್ಳುತ್ತಿದ್ದವರು. ಮರುದಿನವೇ ಆಗಿನ ಗವರ್ನರ್ ಮಾರ್ಕ್ ಡೇಟನ್, ಕಾರಿನಲ್ಲಿದ್ದವರು ಬಿಳಿಯರಾಗಿದ್ದರೆ ಹೀಗಾಗುತ್ತಿತ್ತೇ, ಆಗುತ್ತಿರಲಿಲ್ಲ ಎಂದೇ ನನ್ನ ಭಾವನೆ ಎಂಬರ್ಥದಲ್ಲಿ ಮಾತಾಡಿದರು. ಸಮ್ಮಿಟ್ ಅವೆನ್ಯೂನ ಗವರ್ನರ್ ನಿವಾಸದ ಮುಂದೆ ಜನ ದಿನಗಟ್ಟಲೆ ಕೂತಿದ್ದರು. ನಾವೂ ಒಂದು ಸಂಜೆ ಹೋಗಿ ನೀರಿನ ಬಾಟಲಿ ಕೊಟ್ಟು ಬಂದಿದ್ದೆವು, ಮಗ ಇನ್ನೂ ಎಂಟು ವರ್ಷದವನು. ಡೇಟನ್ ಮಾತು ಕೇಳಿ ಆಗ ಎದೆ ತುಂಬಿತ್ತು. ತನಿಖೆ ಮುಗಿಯುವ ಮೊದಲೇ ಹೀಗೆ ಹೇಳಬಹುದೇ ಎಂದು ಪೊಲೀಸರ ಕಡೆಯವರು ಕೇಳಿದ್ದೂ ನೆನಪಿದೆ. ನವೆಂಬರ್‌ನಲ್ಲಿ ಆರೋಪ ಹೊರಿಸಿದರು. 2017ರ ಜೂನ್ 16ರಂದು ಜ್ಯೂರಿ ಆ ಪೊಲೀಸನನ್ನು ಬಿಟ್ಟಿತು. ಗವರ್ನರ್ ಮನಸ್ಸಿನಲ್ಲಿದ್ದದ್ದು ಜ್ಯೂರಿಯ ಕೋಣೆಗೆ ಹೋಗುವುದಿಲ್ಲ. ಅದು ಸರಿಯೇ. ಆದರೆ ಕೇಸು ಯಾರ ಕೈಯಲ್ಲಿರಬೇಕು ಎಂಬುದು ಅವರ ಸಹಿಗೆ ಬರುವ ವಿಷಯ. ಸಹಿಗೆ ಬರುವ ವಿಷಯವನ್ನು ಬಾಯಿಮಾತಿನಲ್ಲೇ ಇಟ್ಟರೆ ಯಾರಿಗೂ ಅದನ್ನು ಪ್ರಶ್ನಿಸಲು ಆಗುವುದಿಲ್ಲ.

ಅಕ್ಟೋಬರ್ ಕೊನೆಗೆ ಆ ನಾಲ್ಕರಲ್ಲಿ ಮೊದಲ ಅರ್ಜಿಗೆ ಹಿಂಬರಹ ಬಂತು. ಅಂಥ ದಾಖಲೆ ಇಲ್ಲ. ಮೂರೇ ಪದ ಅನ್ನಬಹುದು, ನಾಲ್ಕು ತಿಂಗಳು ಕಾದದ್ದು ಅದಕ್ಕೆ. ನಿರೀಕ್ಷಿಸಿದ್ದೇ ಆದರೂ ಕೈ ತಣ್ಣಗಾಯಿತು. ಪತ್ರ ಹೋಗಿಲ್ಲ ಎಂಬುದು ಪೇಪರ್ ಓದುವ ಎಲ್ಲರಿಗೂ ಗೊತ್ತು, ಕೇಸು ಮೋರಿಯಾರ್ಟಿ ಹತ್ತಿರವೇ ಉಳಿಯಿತಲ್ಲ. ಆದರೆ ‘ಬರೆಯಬಹುದಾಗಿದ್ದದ್ದನ್ನು ಬರೆಯಲಿಲ್ಲ’ ಎಂಬ ನಿರ್ಧಾರಕ್ಕೆ ಕಾಗದವೇ ಹುಟ್ಟುವುದಿಲ್ಲ ಎಂದು ಅವತ್ತು ಅರ್ಥವಾಯಿತು. ಕೇಸನ್ನು ವರ್ಗಾಯಿಸಿದ್ದರೆ ಒಂದು ಪತ್ರ ಇರುತ್ತಿತ್ತು, ಅದರಡಿ ಸಹಿ ಇರುತ್ತಿತ್ತು, ತಾರೀಕು ಇರುತ್ತಿತ್ತು. ವರ್ಗಾಯಿಸದೆ ಇದ್ದದ್ದಕ್ಕೆ ಏನೂ ಇಲ್ಲ. ಎರಡೂ ಅಧಿಕಾರದ ಬಳಕೆಯೇ.

ಎರಡನೇ ಅರ್ಜಿಯ ಕಾಗದಗಳು ಜನವರಿಯಲ್ಲಿ ಬಂದವು. ಇಲ್ಲಿ ನಾನು ಎಣಿಸದೇ ಇದ್ದ ಅಡ್ಡಿ ಎದುರಾಯಿತು. ಚುನಾಯಿತ ಪ್ರತಿನಿಧಿಗಳಿಗೆ ಸಾಮಾನ್ಯ ಜನ ಬರೆದ ಪತ್ರಗಳು ಖಾಸಗಿ ಎನ್ನುತ್ತದೆ 13.601ನೇ ಸೆಕ್ಷನ್. ಪರವಾಗಿಯೋ ವಿರುದ್ಧವಾಗಿಯೋ ಯಾರು ಯಾರು ಬರೆದರು ಎಂದು ನೋಡುವಂತಿಲ್ಲ. ಆದರೆ ಬರೆದವರೋ ಪಡೆದವರೋ ಇಷ್ಟಪಟ್ಟರೆ ಬಹಿರಂಗ ಮಾಡಬಹುದು. ಇದು ಒಳ್ಳೆಯ ಕಾನೂನೇ ಎಂದು ಯೋಚಿಸಿದ ಮೇಲೆ ಅನ್ನಿಸಿತು. ಗವರ್ನರ್‌ಗೆ ಕಷ್ಟ ಹೇಳಿಕೊಂಡು ಬರೆದ ತಾಯಿಯ ಪತ್ರವನ್ನು ನನ್ನಂಥವಳು ಯಾಕೆ ಓದಬೇಕು? ಕೌಂಟಿಯ ಕಡೆಯಿಂದಲೂ ಬಹುಪಾಲು ಸಿಗಲಿಲ್ಲ. ಸರ್ಕಾರಿ ವಕೀಲರು ಕೇಸಿಗಾಗಿ ಮಾಡಿಕೊಂಡ ಟಿಪ್ಪಣಿಗಳಿಗೆ ಬೇರೆ ನಿಯಮ, ಬೇರೆ ರಕ್ಷಣೆ. ನನ್ನ ಕೈಗೆ ಬಂದದ್ದರಲ್ಲಿ ಅರ್ಧಕ್ಕರ್ಧ ಆಗಲೇ ಪತ್ರಿಕೆಗಳಲ್ಲಿ ಬಂದ ಹೇಳಿಕೆಗಳು. ಉಳಿದವುಗಳಲ್ಲಿ ಕಪ್ಪು ಪಟ್ಟಿಗಳು, ಸಾಲಿಗೆ ಸಾಲೇ ಕಪ್ಪು. ಒಂದು ಪುಟದಲ್ಲಿ ಮೇಲೆ ದಿನಾಂಕ, ಕೆಳಗೆ ‘ಧನ್ಯವಾದಗಳು’, ನಡುವೆ ಇಡೀ ಕಪ್ಪು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ನಾನು ಇದನ್ನು ತಿಳಿಯದೆ ಒಂದು ತಿಂಗಳು ಕಳೆದೆ. ಏನನ್ನಾದರೂ ಕೊಡುವುದಿಲ್ಲ ಎಂದರೆ ಯಾವ ಸೆಕ್ಷನ್ ಪ್ರಕಾರ ಕೊಡುವುದಿಲ್ಲ ಎಂದು ಅವರು ಹೇಳಲೇಬೇಕು. ಕೇಳಿದರೆ ಲಿಖಿತವಾಗಿ ದೃಢೀಕರಿಸಿಯೂ ಕೊಡಬೇಕು. ನನಗೆ ಮೊದಲು ಬಂದ ಉತ್ತರದಲ್ಲಿ ‘ಕಾನೂನಿನಂತೆ ತಡೆಹಿಡಿಯಲಾಗಿದೆ’ ಎಂದಷ್ಟೇ ಇತ್ತು. ಯಾವ ಕಾನೂನು ಎಂದು ಮರಳಿ ಬರೆದೆ. ಆಡಳಿತ ಇಲಾಖೆಯ ಕಮಿಷನರ್ ಹತ್ತಿರ ಸಲಹಾ ಅಭಿಪ್ರಾಯ ಕೇಳಬಹುದು, ಅದಕ್ಕೆ ಶುಲ್ಕವಿಲ್ಲ. ಅಲ್ಲಿ ಕೇಳುವ ಯೋಚನೆಯಿದೆ ಎಂದೂ ಕೊನೆಯಲ್ಲಿ ಸೇರಿಸಿದೆ. ಹನ್ನೊಂದನೇ ದಿನ ಸೆಕ್ಷನ್‌ಗಳ ಪಟ್ಟಿ ಬಂತು, ಜೊತೆಗೆ ಮೊದಲು ಕಪ್ಪಾಗಿದ್ದ ಮೂರು ಪುಟ ತೆರವಾಗಿ ಬಂದವು. ಅದಕ್ಕೂ ಮೇಲೆ ಆಡಳಿತ ನ್ಯಾಯಾಧೀಶರ ಮುಂದೆ ದೂರು ಕೊಡುವ ದಾರಿಯಿದೆ. ಅದಕ್ಕೆ 1,000 ಡಾಲರ್ ಕಟ್ಟಬೇಕು, ಗೆದ್ದರೆ 50 ಬಿಟ್ಟು ಉಳಿದದ್ದು ವಾಪಸ್. ನಾನು ಅಷ್ಟು ದೂರ ಹೋಗಲಿಲ್ಲ. ಅಷ್ಟು ದುಡ್ಡು ಒಮ್ಮೆಲೇ ತೆಗೆದಿಡುವುದು ನಮಗೆ ಸುಲಭವಿರಲಿಲ್ಲ.

ಖರ್ಚು ಎಂದರೆ ಇಷ್ಟೆ: ಕಾಗದವನ್ನು ಅಲ್ಲೇ ಕೂತು ನೋಡಲು ಒಂದು ಪೈಸೆಯೂ ಇಲ್ಲ, ಕೇಳಲೂಬಾರದು. ನಕಲು ಬೇಕೆಂದರೆ ನೂರು ಪುಟದವರೆಗೆ ಪುಟಕ್ಕೆ 25 ಸೆಂಟ್. ನೂರು ದಾಟಿದರೆ ಅವರಿಗೆ ತಗುಲಿದ ನಿಜ ಖರ್ಚು ಹಾಕುತ್ತಾರೆ, ಆದರೆ ಯಾವುದು ಸಾರ್ವಜನಿಕ, ಯಾವುದು ಅಲ್ಲ ಎಂದು ಬೇರ್ಪಡಿಸಿದ್ದಕ್ಕೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ಮೊದಲು ನೋಡಿ, ಬೇಕಾದ ಪುಟಕ್ಕೆ ಗುರುತು ಮಾಡಿ, ಅವಷ್ಟನ್ನೇ ಕೇಳಿ. ನಾನು ತೆಗೆಸಿದ್ದು 64 ಪುಟ, 16 ಡಾಲರ್. ಪಾರ್ಕಿಂಗ್‌ಗೆ ಅದಕ್ಕಿಂತ ಹೆಚ್ಚಾಯಿತು. ಮೂರು ಅರ್ಧ ದಿನ ರಜೆ ಹೋಯಿತು.

ಉಳಿದದ್ದು ತನಿಖೆಯ ಕಡತ. ತನಿಖೆ ನಡೆಯುವಾಗ ಅದು ಗೋಪ್ಯ, ಪ್ರಕರಣ ಮುಗಿದ ಮೇಲೆ ಹೆಚ್ಚಿನದು ಸಾರ್ವಜನಿಕ. ಏಪ್ರಿಲ್‌ನ ಒಂದು ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿ, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಹೋದೆ. ಕಾಫಿ ಒಳಗೆ ಬಿಡಲಿಲ್ಲ. ಕಿಟಕಿಯಿಲ್ಲದ ಕೋಣೆ, ಒಂದು ಮೇಜು, ಒಂದು ಕಂಪ್ಯೂಟರ್, ತಲೆಗೆ ಹಾಕಿಕೊಳ್ಳುವ ಹೆಡ್‌ಫೋನ್. ಎದುರಿಗೆ ಕೂತ ಹೆಂಗಸು, ನನ್ನ ಅಕ್ಕನ ವಯಸ್ಸಿನವರು, ಕಂಪ್ಯೂಟರ್ ತೆರೆದುಕೊಟ್ಟು ಮೆಲ್ಲಗೆ, ಇದರಲ್ಲಿ ಕೆಲವನ್ನು ನೋಡಲು ಕಷ್ಟವಾಗುತ್ತದೆ, ಬೇಕಾದಾಗ ಎದ್ದು ಹೊರಗೆ ಹೋಗಿ ಬನ್ನಿ ಎಂದರು. ಹೀಗೆ ಹೇಳಬೇಕೆಂದು ಯಾವ ಸೆಕ್ಷನ್‌ನಲ್ಲೂ ಬರೆದಿರಲಿಕ್ಕಿಲ್ಲ.

ವಿಡಿಯೊ ಮೊದಲೇ ನೋಡಿದ್ದೆ, ಎರಡು ವರ್ಷದ ಹಿಂದೆ, ಸದ್ದು ಆರಿಸಿ. ಅಲ್ಲಿ ಸದ್ದಿನೊಡನೆ ನೋಡಿದೆ. ಪಕ್ಕದಲ್ಲಿ ಹಾದುಹೋಗುವ ಲಾರಿಗಳ ಸದ್ದು. ಮಾತು ಜೋರಾಗುವುದಕ್ಕೂ ಎಲ್ಲ ಮುಗಿಯುವುದಕ್ಕೂ ನಡುವೆ ಇರುವ ಹೊತ್ತು ಎಷ್ಟು ಚಿಕ್ಕದು ಎಂದು ಪುಟಗಳಲ್ಲಿ ಓದಿದಾಗ ತಿಳಿದಿರಲಿಲ್ಲ. ಲಂಡ್ರಿಗನ್ ತಪ್ಪಿತಸ್ಥರೋ ಅಲ್ಲವೋ ಎಂದು ನಾನು ಹೇಳಲಾರೆ, ಅದಕ್ಕೆ ಹೋಗಿರಲೂ ಇಲ್ಲ. ನನಗೆ ಅನ್ನಿಸಿದ್ದು ಇದು. ಆ ಹೆದ್ದಾರಿಯಲ್ಲಿ ನಿಂತಿದ್ದ ಪೊಲೀಸು ಗವರ್ನರ್ ಇಲಾಖೆಯವರು, ಆ ಕಡತ ಕಟ್ಟಿದವರೂ ಅದೇ ಇಲಾಖೆಯವರು. ಅಂಥ ಪ್ರಕರಣದಲ್ಲಿ ಆರೋಪ ಹೊರಿಸಿದ ಚುನಾಯಿತ ವಕೀಲೆಯ ಬಗ್ಗೆ ಗವರ್ನರ್ ಮೈಕಿನ ಮುಂದೆ ಕಳವಳ ಹೇಳಿದರೆ ಅದಕ್ಕೆ ಭಾರ ಬೇರೆಯೇ ಇರುತ್ತದೆ. ಕಳವಳ ನಿಜವಾಗಿದ್ದರೆ ಫೆಬ್ರವರಿಯಲ್ಲೇ ಪತ್ರ ಬರೆದು, ಕಾರಣ ಕೊಟ್ಟು, ಅದರ ಹೊಣೆ ಹೊರಬೇಕಿತ್ತು. ಬರೆಯುವಷ್ಟು ಇರಲಿಲ್ಲವೆಂದರೆ ಕೋರ್ಟು ಮುಗಿಯುವವರೆಗೆ ಸುಮ್ಮನಿರಬೇಕಿತ್ತು. ವಾಲ್ಜ್ ಅವರಿಗೆ ಓಟು ಹಾಕಿದ ನನ್ನ ನೆರೆಯವರೊಬ್ಬರಿಗೆ ಇದನ್ನು ಹೇಳಿದಾಗ, ರಾಜಕೀಯದಲ್ಲಿ ಅದು ಸಾಧ್ಯವಿಲ್ಲ ಎಂದರು. ಇರಬಹುದು. ಒಂದು ಸಲ ಮಾಡಿದವರೇ ಅಲ್ಲವೇ, 2023ರಲ್ಲಿ?

ಮಧ್ಯಾಹ್ನ ಎರಡಕ್ಕೆ ಎದ್ದೆ. ಆ ಅಕ್ಕ ನನ್ನ ಸಹಿ ಕೇಳಲಿಲ್ಲ, ಹೆಸರೂ ಕೇಳಲಿಲ್ಲ. ಮನೆಗೆ ಬಂದು ಮಗನಿಗೆ ನಡೆದದ್ದೆಲ್ಲ ಹೇಳಿದೆ. “ಹಾಗಾದ್ರೆ ಕೊನೇಗೆ ಯಾರು ಹೇಳಿದ್ರು?” ಎಂದ. ಯಾರೂ ಹೇಳಲಿಲ್ಲ, ಕೇಸು ನಿಂತುಹೋಯಿತು ಎಂದೆ. ಅವನು ಆ 64 ಪುಟ ತನ್ನ ಕೋಣೆಗೆ ಒಯ್ದ, ಇನ್ನೂ ಅಲ್ಲೇ ಇವೆ. ಯಾರಿಗಾದರೂ ಬೇಕಿದ್ದರೆ ಸ್ಕ್ಯಾನ್ ಮಾಡಿ ಕಳಿಸುತ್ತೇನೆ, ಮತ್ತೆ 16 ಡಾಲರ್ ಕೊಡಬೇಡಿ.

ಫೆಬ್ರವರಿಯಲ್ಲಿ ನಾನು ಗವರ್ನರ್‌ಗೆ ಬರೆದ ಪತ್ರವೂ ಆ ಖಾಸಗಿ ಪತ್ರಗಳ ಗುಂಪಿನಲ್ಲೇ ಎಲ್ಲೋ ಇದೆ. ಬರೆದವಳು ಬಹಿರಂಗ ಮಾಡಬಹುದು ಎಂದು ಕಾನೂನು ಹೇಳುವುದರಿಂದ ಅದರ ಸಾಲುಗಳನ್ನು ಕನ್ನಡದಲ್ಲಿ ಇಲ್ಲಿ ಕೊಡುತ್ತಿದ್ದೇನೆ:

“ಮಾನ್ಯ ಗವರ್ನರ್ ಅವರಿಗೆ, ನನಗೆ ಈ ರಾಜ್ಯದಲ್ಲಿ ಓಟಿಲ್ಲ, ಹದಿನೈದು ವರ್ಷದ ಮಗನಿದ್ದಾನೆ. ರಿಕಿ ಕಾಬ್ ಅವರ ಪ್ರಕರಣ ಯಾರು ನಡೆಸಬೇಕೆಂದು ತೀರ್ಮಾನಿಸುವ ಅಧಿಕಾರ ನಿಮಗಿದೆ ಎಂದು ಓದಿದೆ. ಅದನ್ನು ಬಳಸುವುದಾದರೆ ಕಾರಣ ಬರೆಯಿರಿ. ಬಳಸುವುದಿಲ್ಲವಾದರೂ ಕಾರಣ ಬರೆಯಿರಿ. ಎರಡರಲ್ಲಿ ಯಾವುದಾದರೂ ಸರಿ, ನನ್ನ ಮಗ ಓದುವ ಹಾಗೆ ಬರೆಯಿರಿ.”